ಹಳೇ ಮನೆಯ ಆಯಿಲ್ ಟ್ಯಾಂಕ್ ತೆಗೆಸೋ ಮುಂಚೆ ಏನೇನು ಬರೆಸಿಕೊಳ್ಳಬೇಕು

ನ್ಯೂಜೆರ್ಸಿಗೆ ಬಂದ ನಮ್ಮವರಲ್ಲಿ ತುಂಬಾ ಜನ ಮೊದಲು ಎಡಿಸನ್ ಕಡೆ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇರುತ್ತಾರೆ. ಆಮೇಲೆ ಮಕ್ಕಳ ಸ್ಕೂಲು, ರೈಲ್ವೆ ಸ್ಟೇಷನ್ನು ಅಂತ ನೋಡಿಕೊಂಡು ಮೆಟಚೆನ್, ಕ್ರ್ಯಾನ್‌ಫರ್ಡ್, ವೆಸ್ಟ್‌ಫೀಲ್ಡ್, ಮೇಪಲ್‌ವುಡ್ ಥರದ ಊರುಗಳಲ್ಲಿ ಮನೆ ಹುಡುಕುತ್ತಾರೆ. ಅಲ್ಲಿ ಹಳೇ ಮನೆಗಳು ಜಾಸ್ತಿ. 1920ರ ದಶಕದ್ದು, 1950ರ ದಶಕದ್ದು. ಇಂಥ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಮೊದಲು ಕಲ್ಲಿದ್ದಲಿನ ಬಾಯ್ಲರ್ ಇತ್ತು, ಆಮೇಲೆ ಆಯಿಲ್ ಬಂತು, ಕೊನೆಗೆ ಬೀದಿಗೆ ಗ್ಯಾಸ್ ಲೈನ್ ಬಂದಾಗ ಬಾಯ್ಲರ್ ಬದಲಾಯಿತು, ಆದರೆ ಅಂಗಳದಲ್ಲಿ ಹೂತಿದ್ದ ಆಯಿಲ್ ಟ್ಯಾಂಕನ್ನು ಯಾರೂ ತೆಗೆಸಲಿಲ್ಲ. ನಮ್ಮೂರಲ್ಲಿ ಮನೆ ಮುಂದೆ ಸಂಪ್ ಇರುತ್ತಲ್ಲ, ಹಾಗೇ ಅಂದುಕೊಳ್ಳಿ. ಆದರೆ ಇದಕ್ಕೆ ಮೇಲೆ ಮುಚ್ಚಳ ಕಾಣುವುದಿಲ್ಲ, ಮತ್ತೆ ಇದು ಸಿಮೆಂಟಿನದಲ್ಲ, ಉಕ್ಕಿನದು. ಹೊರಗಿನಿಂದ ಮಣ್ಣಿನ ತೇವ, ಒಳಗೆ ತಳದಲ್ಲಿ ಕೂತ ನೀರು, ಎರಡೂ ಸೇರಿ ಅದನ್ನು ನಿಧಾನಕ್ಕೆ ತಿನ್ನುತ್ತವೆ.

ಇಂಥ ಟ್ಯಾಂಕ್ ತೆಗೆಸುವುದಕ್ಕೆ ಕಾಂಟ್ರಾಕ್ಟರ್ ಹಿಡಿಯುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟಾಗುತ್ತೆ? ಅದಕ್ಕೆ ಉತ್ತರ ಸುಲಭ. ಸಾಮಾನ್ಯವಾಗಿ 550 ಗ್ಯಾಲನ್, ಅಂದರೆ ಸುಮಾರು 2,080 ಲೀಟರಿನ ಟ್ಯಾಂಕಿಗೆ ಎರಡು-ಮೂರು ಸಾವಿರ ಡಾಲರ್ ಆಸುಪಾಸು. ಆದರೆ ದೊಡ್ಡ ದುಡ್ಡು ಹೋಗುವುದು ಟ್ಯಾಂಕಿಗಲ್ಲ, ಅದರ ಕೆಳಗಿನ ಮಣ್ಣಿಗೆ. ಟ್ಯಾಂಕ್ ತೂತಾಗಿ ಆಯಿಲ್ ಸೋರಿದ್ದರೆ ಖರ್ಚು ಹತ್ತು ಸಾವಿರ ಡಾಲರ್ ದಾಟುವುದು ಮಾಮೂಲು, ಅಂತರ್ಜಲದವರೆಗೆ ಇಳಿದಿದ್ದರೆ ಅದರ ಎಷ್ಟೋ ಪಟ್ಟು. ಹಾಗಾಗಿ ನೀವು ಕಾಂಟ್ರಾಕ್ಟರನ್ನು ಆರಿಸಬೇಕಾದ್ದು, ಅಗ್ರಿಮೆಂಟ್ ಓದಬೇಕಾದ್ದು ಎಲ್ಲಾ ಒಂದೇ ಪ್ರಶ್ನೆ ಇಟ್ಟುಕೊಂಡು: ತೂತು ಸಿಕ್ಕರೆ ಮುಂದೇನು? ಗುಂಡಿ ತೋಡಿದ ಮೇಲೆ, ಅಂಗಳದಲ್ಲಿ ಆಯಿಲ್ ವಾಸನೆ ಹೊಡೆಯುತ್ತಿರುವಾಗ ಈ ಪ್ರಶ್ನೆಗೆ ಉತ್ತರ ಹುಡುಕಲು ಹೋದರೆ ಚೌಕಾಸಿ ಮಾಡುವ ಶಕ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಮೊದಲು ಟ್ಯಾಂಕ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ

ಮನೆ ಸುತ್ತ ಒಂದು ಸುತ್ತು ಹಾಕಿ. ಗೋಡೆ ಪಕ್ಕ ಸಣ್ಣ ಕಬ್ಬಿಣದ ಪೈಪ್ ಒಂದು ಮೇಲಕ್ಕೆ ನಿಂತು, ತಲೆಯ ಮೇಲೆ ಅಣಬೆಯಂಥ ಟೋಪಿ ಇದ್ದರೆ ಅದು ವೆಂಟ್ ಪೈಪ್. ಅದರ ಹತ್ತಿರವೇ ನೆಲದ ಮಟ್ಟದಲ್ಲಿ ಮುಚ್ಚಳ ಇರುವ, ಸ್ವಲ್ಪ ದಪ್ಪದ ಇನ್ನೊಂದು ಪೈಪ್ ಇದ್ದರೆ ಅದು ಆಯಿಲ್ ತುಂಬಿಸುವ ಫಿಲ್ ಪೈಪ್. ಬೇಸ್‌ಮೆಂಟಿಗೆ ಇಳಿದು ಬಾಯ್ಲರ್ ಹತ್ತಿರದ ಗೋಡೆ, ನೆಲ ನೋಡಿ. ಸಣ್ಣ ತಾಮ್ರದ ಪೈಪ್ ಹೊರಗೆ ಬಂದು ಬಗ್ಗಿಸಿ ಮುಚ್ಚಿದ ಹಾಗೆ ಇದ್ದರೆ ಅದೂ ಗುರುತು. ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಟ್ಯಾಂಕ್ ಇಲ್ಲ ಅಂತಲ್ಲ. ಎಷ್ಟೋ ಕಡೆ ಪೈಪ್ ಕತ್ತರಿಸಿ ಮೇಲೆ ಹುಲ್ಲು ಬೆಳೆಸಿರುತ್ತಾರೆ.

ಅದಕ್ಕೇ ಟ್ಯಾಂಕ್ ಸ್ವೀಪ್ ಮಾಡಿಸಬೇಕು. ಲೋಹ ಪತ್ತೆ ಮಾಡುವ ಉಪಕರಣ ಹಿಡಿದು ಅಂಗಳವೆಲ್ಲಾ ಓಡಾಡುತ್ತಾರೆ, ಅನುಮಾನ ಬಂದ ಕಡೆ ನೆಲದೊಳಗೆ ನೋಡುವ ರೇಡಾರ್ ಬಳಸುತ್ತಾರೆ. ಕೆಲವು ನೂರು ಡಾಲರ್ ಖರ್ಚು. ಮನೆ ಕೊಳ್ಳುತ್ತಿರುವವರಂತೂ ಇದನ್ನು ಬಿಡಲೇಬೇಡಿ. ಸ್ವೀಪ್ ಮಾಡುವ ಕಂಪನಿಯೇ ಟ್ಯಾಂಕ್ ತೆಗೆಯುವ ಕಂಪನಿ ಆಗಿರದಿದ್ದರೆ ಒಳ್ಳೆಯದು.

ಜೊತೆಗೆ ಊರಿನ ಮುನಿಸಿಪಲ್ ಕ್ಲರ್ಕ್ ಆಫೀಸಿಗೆ ಒಂದು ಓಪ್ರಾ ಅರ್ಜಿ ಹಾಕಿ. ಅದು ನ್ಯೂಜೆರ್ಸಿಯ ಸಾರ್ವಜನಿಕ ದಾಖಲೆ ಕಾನೂನು, ನಮ್ಮ ಆರ್‌ಟಿಐ ಇದ್ದಂತೆ. ಆ ವಿಳಾಸಕ್ಕೆ ಸಂಬಂಧಿಸಿದ ಹಳೇ ಪರ್ಮಿಟ್‌ಗಳನ್ನೆಲ್ಲಾ ಕೊಡಿ ಅಂತ ಕೇಳಿ. "ಟ್ಯಾಂಕ್ ಯಾವಾಗಲೋ ತೆಗೆಸಿದ್ದೀವಿ" ಅಂತ ಮಾರುವವರು ಹೇಳಿದರೆ ಅದಕ್ಕೆ ಪರ್ಮಿಟ್ ಇರಬೇಕು, ಇನ್‌ಸ್ಪೆಕ್ಟರ್ ಸಹಿ ಇರಬೇಕು. ಬಾಯಿ ಮಾತು ಸಾಲದು.

ಮನೆ ಇನ್ನೂ ನಿಮ್ಮ ಹೆಸರಿಗೆ ಆಗಿಲ್ಲವಾದರೆ, ಟ್ಯಾಂಕ್ ತೆಗೆಸುವ ಹೊಣೆ ಮಾರುವವರದ್ದೇ ಆಗಿರಲಿ, ಅದೂ ಕ್ಲೋಸಿಂಗ್‌ಗೆ, ಅಂದರೆ ಮನೆ ನಿಮ್ಮ ಹೆಸರಿಗೆ ಆಗುವ ದಿನಕ್ಕೆ, ಮುಂಚೆ. ಸೋರಿಕೆಯ ಹೊಣೆ ಯಾರದ್ದು ಅಂತ ಹೇಳುವ ನ್ಯೂಜೆರ್ಸಿಯ 1976ರ ಸ್ಪಿಲ್ ಕಾನೂನಿನ ಪ್ರಕಾರ ತಪ್ಪು ಯಾರದ್ದು ಅನ್ನೋದಕ್ಕಿಂತ ಜಾಗ ಯಾರದ್ದು ಅನ್ನೋದು ಮುಖ್ಯ ಆಗಿಬಿಡುತ್ತೆ. ಟ್ಯಾಂಕ್ ಇದೆ ಅಂತ ಗೊತ್ತಿದ್ದೂ ಕೊಂಡರೆ ಸೋರಿಕೆಯ ಭಾರ ನಿಮ್ಮ ತಲೆಗೆ ಬರುತ್ತೆ. "ಬೆಲೆಯಲ್ಲಿ ಐದು ಸಾವಿರ ಬಿಡ್ತೀವಿ, ಆಮೇಲೆ ನೀವೇ ತೆಗೆಸಿಕೊಳ್ಳಿ" ಅನ್ನುವ ಆಫರ್ ಆಕರ್ಷಕವಾಗಿ ಕಾಣಬಹುದು, ಆದರೆ ಒಪ್ಪಬೇಡಿ. ಕೆಳಗಿನ ಮಣ್ಣು ಹೇಗಿದೆ ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಯಾರನ್ನು ಕರೆಯಬೇಕು

ನ್ಯೂಜೆರ್ಸಿಯಲ್ಲಿ ಈ ಕೆಲಸಕ್ಕೆ ರಾಜ್ಯದ ಪರಿಸರ ಇಲಾಖೆ, ಎಲ್ಲರೂ ಡಿಇಪಿ ಅನ್ನುತ್ತಾರಲ್ಲ ಅದು, ಸರ್ಟಿಫಿಕೇಟ್ ಕೊಡುತ್ತೆ. ಎರಡು ಬೇರೆ ಬೇರೆ ವಿಭಾಗ ಇದೆ. ಟ್ಯಾಂಕ್ ತೆಗೆಯುವುದಕ್ಕೆ ಕ್ಲೋಷರ್ ಸರ್ಟಿಫಿಕೇಟ್, ಮಣ್ಣು ಪರೀಕ್ಷೆ ಮಾಡಿ ಸೋರಿಕೆ ನಿಭಾಯಿಸುವುದಕ್ಕೆ ಸಬ್‌ಸರ್ಫೇಸ್ ಇವ್ಯಾಲ್ಯುಯೇಶನ್ ಸರ್ಟಿಫಿಕೇಟ್. ಎರಡೂ ಇರುವವರನ್ನು ಹಿಡಿಯಿರಿ. ಡಿಇಪಿ ವೆಬ್‌ಸೈಟಿನಲ್ಲಿ ಸರ್ಟಿಫೈಡ್ ಕಂಪನಿಗಳ ಪಟ್ಟಿ ಸಿಗುತ್ತೆ, ಅಲ್ಲಿ ಹೆಸರು ತಾಳೆ ನೋಡಿ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ "ಇವರು ಚೆನ್ನಾಗಿ ಮಾಡ್ತಾರೆ" ಅಂತ ನಂಬರ್ ಕೊಟ್ಟರೆ ತಗೊಳ್ಳಿ, ತಪ್ಪಿಲ್ಲ, ಆದರೆ ಕೊಟ್ಟವರ ಟ್ಯಾಂಕ್ ಸೋರಿತ್ತಾ ಇಲ್ಲವಾ ಅಂತ ಒಂದು ಮಾತು ಕೇಳಿ. ಸೋರದ ಟ್ಯಾಂಕನ್ನು ಯಾರು ತೆಗೆದರೂ ಚೆನ್ನಾಗಿಯೇ ಆಗುತ್ತೆ. ಸೋರಿದ ಟ್ಯಾಂಕಿನ ಮಾಲೀಕರು ಹೇಳುವ ಮಾತಿಗೆ ತೂಕ ಜಾಸ್ತಿ.

ಇನ್ಶೂರೆನ್ಸ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲಾ ಕಾಂಟ್ರಾಕ್ಟರ್‌ಗಳ ಹತ್ತಿರವೂ ಜನರಲ್ ಲಯಬಿಲಿಟಿ, ಅಂದರೆ ಕೆಲಸದಲ್ಲಿ ಬೇರೆಯವರಿಗೆ ಆಗುವ ಹಾನಿಗೆ ಇನ್ಶೂರೆನ್ಸ್, ಇರುತ್ತೆ. ಆದರೆ ಅದರಲ್ಲಿ ಮಾಲಿನ್ಯದ ಹಾನಿ ಸಾಮಾನ್ಯವಾಗಿ ಸೇರಿರುವುದಿಲ್ಲ. ನಿಮಗೆ ಬೇಕಾದ್ದು ಪೊಲ್ಯೂಷನ್ ಲಯಬಿಲಿಟಿ, ಜೊತೆಗೆ ಕೆಲಸಗಾರರಿಗೆ ಪೆಟ್ಟಾದರೆ ಅಂತ ವರ್ಕರ್ಸ್ ಕಾಂಪ್ ಇನ್ಶೂರೆನ್ಸ್. ಟ್ಯಾಂಕನ್ನು ತೆಗೆಯುವಾಗ ಒಳಗಿದ್ದ ಆಯಿಲ್ ಚೆಲ್ಲಿದರೆ ನೆರವಿಗೆ ಬರುವುದು ಪೊಲ್ಯೂಷನ್ ಲಯಬಿಲಿಟಿಯೇ. ಸರ್ಟಿಫಿಕೇಟನ್ನು ಕಾಂಟ್ರಾಕ್ಟರ್ ಕೈಯಿಂದ ಜೆರಾಕ್ಸ್ ತಗೋಬೇಡಿ, ಅವರ ಇನ್ಶೂರೆನ್ಸ್ ಏಜೆಂಟ್ ನೇರವಾಗಿ ನಿಮಗೆ ಇಮೇಲ್ ಮಾಡಲಿ.

ಕನಿಷ್ಠ ಮೂರು ಜನರನ್ನಾದರೂ ಮನೆಗೆ ಕರೆಸಿ. ಫೋನಿನಲ್ಲೇ ರೇಟ್ ಹೇಳುವವರು ಡೆಕ್, ಮರದ ಬೇರು, ಪಕ್ಕದ ಬೇಲಿ, ಯಂತ್ರ ಒಳಗೆ ಬರಲು ದಾರಿ ಇದೆಯಾ, ಏನನ್ನೂ ನೋಡಿರುವುದಿಲ್ಲ.

ಕೊಟೇಶನ್ ಓದುವ ಬಗೆ

ಇಲ್ಲಿ ಸ್ವಲ್ಪ ಸಮಯ ಕೊಡಿ, ಯಾಕೆಂದರೆ ಇಡೀ ಕೆಲಸದಲ್ಲಿ ನಿಮ್ಮ ಹಿಡಿತ ಇರುವುದು ಈ ಹಂತದಲ್ಲಿ ಮಾತ್ರ.

ಬರೀ ಒಂದು ಸಾಲಿನಲ್ಲಿ "ಟ್ಯಾಂಕ್ ತೆಗೆಯುವುದು, ಇಷ್ಟು ಡಾಲರ್" ಅಂತಿದ್ದರೆ ವಾಪಸ್ ಕಳಿಸಿ. ಪರ್ಮಿಟ್ ಫೀ ಸೇರಿದೆಯಾ? ಟ್ಯಾಂಕಿನಲ್ಲಿ ಉಳಿದ ಆಯಿಲ್, ಕೆಸರು, ನೀರು ಎಷ್ಟು ಗ್ಯಾಲನ್‌ವರೆಗೆ ಸೇರಿದೆ, ಅದಕ್ಕಿಂತ ಜಾಸ್ತಿ ಇದ್ದರೆ ಗ್ಯಾಲನ್ನಿಗೆ ಎಷ್ಟು? ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಬಿಟ್ಟುಹೋದ ಟ್ಯಾಂಕಿನೊಳಗೆ ಮಳೆ ನೀರು ಇಳಿದು ಅರ್ಧದವರೆಗೆ ತುಂಬಿರುವುದೂ ಇದೆ, ಆಯಿಲ್ ಬೆರೆತ ಆ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ, ಅದನ್ನೂ ದುಡ್ಡು ಕೊಟ್ಟೇ ಸಾಗಿಸಬೇಕು. ಕೊಟೇಶನ್ ಕೊಡಲು ಬಂದವರಿಗೆ ಫಿಲ್ ಪೈಪಿನೊಳಗೆ ಕೋಲು ಇಳಿಸಿ ಅಳತೆ ಮಾಡಿ ಅಂತ ಹೇಳಿ. ಕೋಲಿನ ತುದಿಗೆ ನೀರು ತಾಗಿದರೆ ಬಣ್ಣ ಬದಲಾಗುವ ಪೇಸ್ಟ್ ಸವರಿ ಇಳಿಸಿದರೆ ತಳದಲ್ಲಿ ನೀರು ಎಷ್ಟು ಇಂಚು, ಅದರ ಮೇಲೆ ಆಯಿಲ್ ಎಷ್ಟು ಅಂತ ಎರಡೂ ಗೊತ್ತಾಗುತ್ತೆ.

ಗುಂಡಿ ಮುಚ್ಚುವ ಮಣ್ಣು ಎಲ್ಲಿಂದ ತರುತ್ತಾರೆ, ಅದು ಶುದ್ಧ ಮಣ್ಣು ಅನ್ನುವುದಕ್ಕೆ ಕಾಗದ ಕೊಡುತ್ತಾರಾ? ಮೇಲೆ ಹುಲ್ಲು, ಡ್ರೈವ್‌ವೇ, ಪೇವರ್ ಸರಿ ಮಾಡಿ ಕೊಡುತ್ತಾರಾ? ಸಾಮಾನ್ಯವಾಗಿ ಇಲ್ಲ, ಮಣ್ಣು ಮಟ್ಟ ಮಾಡಿ ಹೋಗುತ್ತಾರೆ. ಅದು ಸರಿಯೇ, ಮೊದಲೇ ಗೊತ್ತಿದ್ದರೆ ಸಾಕು.

ಮಣ್ಣಿನ ಸ್ಯಾಂಪಲ್ ಲ್ಯಾಬಿಗೆ ಕಳಿಸುವುದು ಬೆಲೆಯಲ್ಲಿ ಸೇರಿರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಣ್ಣಿಗೆ ಸೋರಿಕೆ ಕಾಣದಿದ್ದರೆ ಸ್ಯಾಂಪಲ್ ಬೇಡ ಅನ್ನುವವರಿದ್ದಾರೆ. ಆದರೆ ಮುಂದೆ ನೀವು ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಲ್ಯಾಬ್ ರಿಪೋರ್ಟ್. ಗುಂಡಿ ತೆರೆದಿದ್ದಾಗ ತೆಗೆಯುವ ಸ್ಯಾಂಪಲ್ ಅಗ್ಗ. ಮುಚ್ಚಿದ ಮೇಲೆ ಮತ್ತೆ ಯಂತ್ರ ತಂದು ಕೊರೆಸಬೇಕಾಗುತ್ತೆ.

ಇನ್ನು ಅಸಲು ವಿಷಯ. ಎಷ್ಟೋ ಅಗ್ರಿಮೆಂಟಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತೆ: ಮಾಲಿನ್ಯ ಕಂಡುಬಂದರೆ ಕಂಪನಿ ಅಗತ್ಯ ಕೆಲಸ ಮುಂದುವರಿಸಬಹುದು, ಮಾಲೀಕರು ಖರ್ಚು ಭರಿಸಬೇಕು. ಆ ಸಾಲಿಗೆ ಸಹಿ ಹಾಕಬೇಡಿ. ಅದನ್ನು ಹೊಡೆದು ಹಾಕಿಸಿ, ಬದಲಿಗೆ ಹೀಗೆ ಬರೆಸಿ: ಸೋರಿಕೆ ಕಂಡರೆ ಅಲ್ಲಿಗೇ ಕೆಲಸ ನಿಲ್ಲಬೇಕು, ಗುಂಡಿಯನ್ನು ಸುರಕ್ಷಿತವಾಗಿ ಇಡಬೇಕು, ಮಾಲೀಕರು ಬರಹದಲ್ಲಿ ಒಪ್ಪಿಗೆ ಕೊಡುವವರೆಗೆ ಒಂದು ಬಕೆಟ್ ಮಣ್ಣೂ ತೆಗೆಯಬಾರದು. ಟ್ಯಾಂಕ್ ತೆಗೆಯುವುದು ಒಂದು ಅಗ್ರಿಮೆಂಟ್, ಮಣ್ಣು ಸ್ವಚ್ಛ ಮಾಡುವುದು ಬೇರೆ ಅಗ್ರಿಮೆಂಟ್. ಅದಕ್ಕೆ ಬೇರೆಯವರ ಹತ್ತಿರವೂ ಕೊಟೇಶನ್ ಕೇಳುವ ಹಕ್ಕು ನಿಮಗಿರಲಿ.

ಹಾಗಿದ್ದರೂ ರೇಟ್‌ಗಳನ್ನು ಮೊದಲೇ ಬರೆಸಿಕೊಳ್ಳಿ. ಕೆಟ್ಟ ಮಣ್ಣು ಸಾಗಿಸಲು ಟನ್ನಿಗೆ ಎಷ್ಟು, ಹೊಸ ಮಣ್ಣು ಹಾಕಲು ಎಷ್ಟು, ಯಂತ್ರಕ್ಕೆ ದಿನಕ್ಕೆ ಎಷ್ಟು, ಒಂದೊಂದು ಸ್ಯಾಂಪಲ್‌ಗೆ ಎಷ್ಟು, ರಿಪೋರ್ಟ್ ಬರೆಯಲು ಎಷ್ಟು. ಇದರ ಲೆಕ್ಕ ಯಾಕೆ ಮುಖ್ಯ ಅಂದರೆ, ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳದ ಗುಂಡಿಯಲ್ಲಿ ಸುಮಾರು 37 ಘನ ಗಜ ಮಣ್ಣು ಇರುತ್ತೆ. ಒಂದು ಘನ ಗಜಕ್ಕೆ ಒಂದೂವರೆ ಟನ್ ಅಂತ ಹಿಡಿದರೂ 55 ಟನ್. ಟನ್ನಿನ ರೇಟಿನಲ್ಲಿ ನೂರು ಡಾಲರ್ ವ್ಯತ್ಯಾಸ ಇದ್ದರೆ ಅಲ್ಲೇ 5,500 ಡಾಲರ್. ಟ್ಯಾಂಕ್ ತೆಗೆಯುವುದಕ್ಕೆ ಐನೂರು ಡಾಲರ್ ಕಮ್ಮಿ ಕೇಳಿದವರು ಟನ್ನಿನ ರೇಟಿನಲ್ಲಿ ಅದನ್ನು ಹತ್ತು ಪಟ್ಟು ವಸೂಲಿ ಮಾಡಬಹುದು ಅಲ್ವಾ. ಮಣ್ಣಿನ ದುಡ್ಡು ಲಾರಿ ಎಷ್ಟು ಸಲ ಹೋಯಿತು ಅನ್ನುವುದರ ಮೇಲೆ ಅಲ್ಲ, ಮಣ್ಣು ತಗೊಂಡ ಜಾಗದ ತೂಕದ ಚೀಟಿ ಮೇಲೆ ಅಂತ ಬರೆಸಿ.

ಅಡ್ವಾನ್ಸ್ ಕಮ್ಮಿ ಇರಲಿ. ಕೊನೆಯ ಕಂತು ಕಾಗದಗಳೆಲ್ಲ ಕೈಗೆ ಬಂದ ಮೇಲೆ.

ಅಗೆಯುವ ಮುಂಚೆ, ಅಗೆಯುವ ದಿನ

ಊರಿನ ಕನ್‌ಸ್ಟ್ರಕ್ಷನ್ ಆಫೀಸಿನಿಂದ ಪರ್ಮಿಟ್ ಬೇಕು. ಕಾಂಟ್ರಾಕ್ಟರೇ ತೆಗೆಯುತ್ತಾರೆ. ಪರ್ಮಿಟ್ ಇಲ್ಲದೆ ಭಾನುವಾರ ಬಂದು ಸದ್ದಿಲ್ಲದೆ ತೆಗೆದುಕೊಡುತ್ತೀನಿ ಅನ್ನುವವರನ್ನು ಅಂಗಳಕ್ಕೇ ಬಿಡಬೇಡಿ. ಕಾಗದ ಇಲ್ಲದೆ ತೆಗೆಸಿದ ಟ್ಯಾಂಕ್, ಮಾರುವ ಹೊತ್ತಿಗೆ ಇನ್ನೂ ನೆಲದಲ್ಲಿರುವ ಟ್ಯಾಂಕಿಗಿಂತ ದೊಡ್ಡ ತಲೆನೋವು.

811ಕ್ಕೆ ಫೋನ್ ಮಾಡಿ ನೆಲದಡಿಯ ಲೈನ್‌ಗಳ ಗುರುತು ಹಾಕಿಸಬೇಕು. ಇದು ಉಚಿತ, ಅಗೆಯುವವರೇ ಮಾಡಬೇಕು, ಕೆಲವು ಕೆಲಸದ ದಿನ ಮುಂಚೆಯೇ ಹೇಳಬೇಕು. ಹುಲ್ಲಿನ ಮೇಲೆ ಕೆಂಪು ಬಣ್ಣ ಕರೆಂಟು, ಹಳದಿ ಗ್ಯಾಸು, ನೀಲಿ ನೀರು. ಆದರೆ ನಿಮ್ಮ ಸ್ವಂತದ ಲೈನ್‌ಗಳು, ಅಂದರೆ ಸ್ಪ್ರಿಂಕ್ಲರ್, ಗ್ಯಾರೇಜಿಗೆ ಎಳೆದ ವೈರು, ಇವನ್ನು ಅವರು ಗುರುತು ಮಾಡುವುದಿಲ್ಲ. ಅದನ್ನು ನೀವೇ ತೋರಿಸಿ.

ಆ ದಿನ ರಜೆ ಹಾಕಿ ಮನೆಯಲ್ಲೇ ಇರಿ. ಮೊದಲು ಟ್ಯಾಂಕಿನ ಮೇಲಿನ ಮಣ್ಣು ತೆಗೆದು, ಒಳಗಿನದನ್ನೆಲ್ಲಾ ಟ್ಯಾಂಕರ್ ಲಾರಿಗೆ ಪಂಪ್ ಮಾಡುತ್ತಾರೆ. ಮೀಟರ್ ಇಳಿಸಿ ಒಳಗೆ ಬೆಂಕಿ ಹತ್ತುವಂಥ ಆವಿ ಇದೆಯಾ ನೋಡುತ್ತಾರೆ. ಆಮೇಲೆ ಮೇಲೆ ಕತ್ತರಿಸಿ, ಒಬ್ಬರು ಒಳಗೆ ಇಳಿದು ತಳದ ಕೆಸರನ್ನು ಬಳಿದು ಒರೆಸುತ್ತಾರೆ. ಕೊನೆಗೆ ಎತ್ತುತ್ತಾರೆ.

ಎತ್ತಿದ ತಕ್ಷಣ ಟ್ಯಾಂಕಿನ ಮೈ ನೋಡಿ. ಮಣ್ಣು, ತುಕ್ಕು ಮೆತ್ತಿಕೊಂಡಿರುತ್ತೆ, ಹಾಗಾಗಿ ತೂತು ಮೊದಲ ನೋಟಕ್ಕೆ ಕಾಣುವುದಿಲ್ಲ. ತಳವನ್ನು, ಎರಡೂ ಬದಿಯನ್ನು ಕೆರೆದು ತೋರಿಸಲಿ. ತುಕ್ಕಿನಿಂದ ಆದ ತೂತಿನ ಅಂಚು ತೆಳ್ಳಗೆ ಕಂದು ಬಣ್ಣಕ್ಕಿರುತ್ತೆ, ಸುತ್ತ ಗುಳಿ ಬಿದ್ದಿರುತ್ತೆ. ಯಂತ್ರದ ಬಕೆಟ್ ತಾಗಿ ಹರಿದ ತೂತಿನ ಅಂಚು ಮಡಚಿಕೊಂಡು, ಲೋಹ ಹೊಳೆಯುತ್ತಿರುತ್ತೆ. ಈ ವ್ಯತ್ಯಾಸ ನಿಮಗೆ ಗೊತ್ತಿದ್ದರೆ ಯಾರೂ ಇವತ್ತಿನ ತೂತನ್ನು ಹಳೇ ಸೋರಿಕೆ ಅಂತ ತೋರಿಸಲು ಆಗುವುದಿಲ್ಲ. ಟೇಪ್ ಹಿಡಿದು ಎಲ್ಲಾ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಗುಂಡಿಯನ್ನೂ ನೋಡಿ. ಆಯಿಲ್ ಕುಡಿದ ಮಣ್ಣು ಬೂದು ಬಣ್ಣಕ್ಕೆ ತಿರುಗಿರುತ್ತೆ, ಡೀಸೆಲ್ ಬಂಕಿನ ವಾಸನೆ ಬರುತ್ತೆ, ತಳದಲ್ಲಿ ನೀರು ನಿಂತಿದ್ದರೆ ಮೇಲೆ ಬಣ್ಣ ಬಣ್ಣದ ಪದರ ತೇಲುತ್ತೆ.

ಊರಿನ ಇನ್‌ಸ್ಪೆಕ್ಟರ್ ಬಂದು ಗುಂಡಿ ನೋಡಿ ಸಹಿ ಹಾಕುವ ಮುಂಚೆ ಮಣ್ಣು ಮುಚ್ಚಕೂಡದು. ಅವರು ಬರುವುದು ತಡವಾದರೆ ಕೆಲಸದವರು ಆತುರ ಪಡುತ್ತಾರೆ. ನೀವು ಪಡಬೇಡಿ.

ತೂತು ಸಿಕ್ಕರೆ

ಗಾಬರಿ ಬೇಡ. ಸೋರಿಕೆ ಕಂಡರೆ ಡಿಇಪಿ ಹಾಟ್‌ಲೈನ್ 1-877-927-6337ಕ್ಕೆ ತಕ್ಷಣ ತಿಳಿಸಬೇಕು. ಸಾಮಾನ್ಯವಾಗಿ ಕಾಂಟ್ರಾಕ್ಟರೇ ಫೋನ್ ಮಾಡುತ್ತಾರೆ. ಒಂದು ಕೇಸ್ ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಕೇಸ್ ತೆರೆಯಿತು ಅಂದರೆ ಅಪರಾಧ ಆಯಿತು ಅಂತಲ್ಲ, ಹಳೇ ಮನೆಗಳಿರುವ ಊರುಗಳಲ್ಲಿ ಇದು ಇಲಾಖೆಗೆ ದಿನನಿತ್ಯದ ಕೆಲಸ.

ಅದೇ ದಿನ ನಿಮ್ಮ ಮನೆ ಇನ್ಶೂರೆನ್ಸ್ ಕಂಪನಿಗೂ ಬರಹದಲ್ಲಿ ತಿಳಿಸಿ. ಅವರಿಗೆ ಹೇಳದೆ ಮಣ್ಣೆಲ್ಲಾ ತೆಗೆಸಿಬಿಟ್ಟರೆ ಆಮೇಲೆ ಕ್ಲೇಮ್ ಕಷ್ಟ. ನಿಮ್ಮ ಸ್ವಂತ ಜಾಗದ ಹಾನಿಗೆ ಪಾಲಿಸಿ ಕೊಡದಿದ್ದರೂ, ಅಂತರ್ಜಲಕ್ಕೋ ಪಕ್ಕದ ಮನೆ ಜಾಗಕ್ಕೋ ಆಯಿಲ್ ಹೋಗಿದ್ದರೆ ಅದನ್ನು ಬೇರೆಯಾಗಿ ನೋಡುವ ಪಾಲಿಸಿಗಳಿವೆ. ಹಳೇ ವರ್ಷಗಳ ಪಾಲಿಸಿ ಕಾಗದ ಇದ್ದರೆ ಹುಡುಕಿ ತೆಗೆಯಿರಿ. ಈ ಹಂತದಲ್ಲಿ ಒಬ್ಬ ವಕೀಲರ ಸಲಹೆಗೆ ಕೊಡುವ ದುಡ್ಡು ದಂಡ ಅಲ್ಲ.

ಗುಂಡಿಗೆ ಪ್ಲಾಸ್ಟಿಕ್ ಹಾಸಿ, ಸುತ್ತ ಬೇಲಿ ಕಟ್ಟಿಸಿ. ಆಮೇಲೆ ನಿಧಾನವಾಗಿ ಎರಡನೇ ಅಭಿಪ್ರಾಯ ತಗೊಳ್ಳಿ. ಎಷ್ಟು ಮಣ್ಣು ತೆಗೆಯಬೇಕು ಅನ್ನುವುದನ್ನು ಲ್ಯಾಬಿನ ಸಂಖ್ಯೆ ಹೇಳಬೇಕು, ಮಣ್ಣು ಸಾಗಿಸಿ ದುಡ್ಡು ಮಾಡುವವರು ಸುಮ್ನೆ ಬೆರಳು ತೋರಿಸಿ ಹೇಳುವುದಲ್ಲ. ಸಾಧ್ಯವಾದರೆ ಅಳತೆ ಮಾಡುವವರು ಬೇರೆ, ಅಗೆಯುವವರು ಬೇರೆ ಇರಲಿ. ಸ್ವಚ್ಛ ಆದ ಮೇಲೆ ಡಿಇಪಿ ಕೊಡುವ ನೋ ಫರ್ದರ್ ಆಕ್ಷನ್ ಪತ್ರವೇ ಅಂತಿಮ. ಎಲ್ಲರೂ ಎನ್‌ಎಫ್‌ಎ ಅನ್ನುತ್ತಾರೆ. ಅದು ಬರುವವರೆಗೆ ಕಾಂಟ್ರಾಕ್ಟರ್ ಕೆಲಸ ಮುಗಿದಿಲ್ಲ ಅಂತ ಅಗ್ರಿಮೆಂಟಿನಲ್ಲೇ ಇರಲಿ.

ಇನ್ನು ಕೆಲವು ಮಾತು

ಟ್ಯಾಂಕನ್ನು ತೆಗೆಯದೆ, ಒಳಗೆ ಸ್ವಚ್ಛ ಮಾಡಿ ಮರಳು ಅಥವಾ ಫೋಮ್ ತುಂಬಿ ಅಲ್ಲೇ ಬಿಡುವ ದಾರಿಯೂ ಇದೆ. ಮನೆಯ ಅಡಿಪಾಯದ ಕೆಳಗೇ ಸಿಕ್ಕಿಹಾಕಿಕೊಂಡಿದ್ದರೆ ಬೇರೆ ದಾರಿ ಇಲ್ಲ. ಉಳಿದಂತೆ ಬೇಡ. ಕೆಳಗಿನ ಮಣ್ಣು ಕಣ್ಣಿಗೆ ಬೀಳುವುದಿಲ್ಲ, ಮುಂದೆ ಕೊಳ್ಳುವವರು ತೆಗೆಸಿ ಅಂತಲೇ ಹೇಳುತ್ತಾರೆ.

ಟ್ಯಾಂಕ್ ಬೇಸ್‌ಮೆಂಟಿನಲ್ಲಿದ್ದರೆ ಕೆಲಸ ಹಗುರ. ಸಾಮಾನ್ಯವಾಗಿ 275 ಗ್ಯಾಲನ್ನಿನದು, ಅಲ್ಲೇ ಕತ್ತರಿಸಿ ಹೊರಗೆ ಒಯ್ಯುತ್ತಾರೆ. ಆದರೆ ಹೊರಗೋಡೆಯ ಫಿಲ್ ಪೈಪನ್ನು ಪೂರ್ತಿ ಕಿತ್ತು ಗೋಡೆ ಮುಚ್ಚಿಸಿ, ಇದನ್ನು ಖಂಡಿತಾ ಮರೆಯಬೇಡಿ. ಪೈಪ್ ಹಾಗೇ ಉಳಿದಿದ್ದ ಮನೆಗೆ ಆಯಿಲ್ ಲಾರಿಯವರು ವಿಳಾಸ ತಪ್ಪಿ ಬಂದು, ಟ್ಯಾಂಕೇ ಇಲ್ಲದ ಬೇಸ್‌ಮೆಂಟಿಗೆ ನೂರಾರು ಗ್ಯಾಲನ್ ಸುರಿದ ಘಟನೆಗಳು ನಡೆದಿವೆ.

ಈಗಲೂ ಆಯಿಲ್ಲಿನಲ್ಲೇ ಮನೆ ಬೆಚ್ಚಗಾಗುತ್ತಿದ್ದರೆ ಮೊದಲು ಗ್ಯಾಸ್ ಕನೆಕ್ಷನ್, ಹೊಸ ಬಾಯ್ಲರ್, ಆಮೇಲೆ ಟ್ಯಾಂಕ್. ಗ್ಯಾಸ್ ಕಂಪನಿಯವರು ಬರಲು ವಾರಗಟ್ಟಲೆ ಆಗಬಹುದು, ಹಾಗಾಗಿ ಚಳಿಗಾಲಕ್ಕೆ ಮುಂಚೆಯೇ ಶುರು ಮಾಡಿ.

ನಾನು ಇಲ್ಲಿ ಹೇಳಿದ್ದು ನ್ಯೂಜೆರ್ಸಿಯ ಕ್ರಮ. ಮ್ಯಾಸಚೂಸೆಟ್ಸ್‌ನಲ್ಲಿ ಪರ್ಮಿಟ್ ಅಗ್ನಿಶಾಮಕ ಇಲಾಖೆಯಿಂದ ತಗೋಬೇಕು. ನ್ಯೂಯಾರ್ಕಿನಲ್ಲಿ ಸೋರಿಕೆ ಕಂಡ ಎರಡು ಗಂಟೆಯೊಳಗೆ ಅಲ್ಲಿನ ಪರಿಸರ ಇಲಾಖೆಗೆ ತಿಳಿಸಬೇಕು. ಅಗ್ರಿಮೆಂಟಿನ ಮಾತು ಮಾತ್ರ ಎಲ್ಲಾ ಕಡೆಗೂ ಒಂದೇ.

ಕೆಲಸ ಮುಗಿದ ಮೇಲೆ ಪರ್ಮಿಟ್ ಕ್ಲೋಸ್ ಆದ ಪತ್ರ, ಲ್ಯಾಬ್ ರಿಪೋರ್ಟ್, ಆಯಿಲ್ ಮತ್ತು ಕೆಸರು ಸಾಗಿಸಿದ ಚೀಟಿ, ಟ್ಯಾಂಕ್ ಗುಜರಿಗೆ ಹೋದ ರಸೀದಿ, ನಿಮ್ಮ ಫೋಟೋಗಳು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಮನೆ ಪತ್ರದ ಜೊತೆ ಇಡಿ. ಗುಂಡಿ ಮುಚ್ಚಿದ ಜಾಗ ಒಂದೆರಡು ಮಳೆಗೆ ತಗ್ಗುತ್ತೆ, ಮತ್ತೆ ಒಂದಷ್ಟು ಮಣ್ಣು ಹಾಕಿಸಬೇಕಾಗುತ್ತೆ. ಹುಲ್ಲಿನ ಬೀಜ ಬೇಕಾದರೆ ಆಗಲೇ ಹಾಕಿ. ಅಲ್ಲಿ ಕಲ್ಲು ಹಾಸುವ, ಪ್ಯಾಟಿಯೋ ಕಟ್ಟಿಸುವ ಯೋಚನೆ ಇದ್ದರೆ ಒಂದು ಚಳಿಗಾಲ ಕಳೆದು ಮಣ್ಣು ಕೂತ ಮೇಲೆ ಮಾಡಿಸಿ.